ಮೂಳೆ ಹೇಳದ ಕಿವಿ, ಕಲ್ಲು ಉಳಿಸಿಕೊಂಡ ಕೂದಲು

ಆನೆಯ ತಲೆಬುರುಡೆಯನ್ನು ಹತ್ತಿರದಿಂದ ನೋಡಿದ್ದೀರಾ? ಮುಖದ ನಡುವೆ, ಸ್ವಲ್ಪ ಮೇಲಕ್ಕೆ, ಒಂದು ದೊಡ್ಡ ತೂತು. ಅದು ಮೂಗಿನ ಜಾಗ. ಸೊಂಡಿಲಲ್ಲಿ ಮೂಳೆಯೇ ಇಲ್ಲ, ಮೊರದಂಥ ಕಿವಿಯ ಗುರುತೂ ಬುರುಡೆಯಲ್ಲಿ ಕಾಣುವುದಿಲ್ಲ. ಆನೆಯನ್ನೇ ಕಾಣದವರು ಇದನ್ನು ನೋಡಿ ಚಿತ್ರ ಬರೆದರೆ ಅದು ಆನೆಯ ಹಾಗಿರುತ್ತದೆಯೇ? ಅಳಿದುಹೋದ ಪ್ರಾಣಿಗಳನ್ನು ಬಿಡಿಸಲು ಕೂತವರಿಗೆ ಪ್ರತಿ ಸಲವೂ ಇದೇ ಪೇಚು.

ಮೊದಲು ಎಲುಬುಗೂಡು ಬರೆದುಕೊಳ್ಳಬೇಕು. ಸ್ನಾಯು ಅಂಟಿದ್ದ ಕಡೆ ಮೂಳೆಯ ಮೇಲೆ ಉಬ್ಬು, ಗೀರು ಉಳಿದಿರುತ್ತವೆ. ಅದನ್ನು ನೋಡಿ ಮಾಂಸ ತುಂಬಬಹುದು. ಅಲ್ಲಿವರೆಗೆ ಕೈ ಧೈರ್ಯವಾಗಿ ಓಡುತ್ತದೆ. ಚರ್ಮ, ಕೂದಲು, ಕಿವಿ ಬಂದಾಗ ಪೆನ್ಸಿಲ್ ನಿಂತುಬಿಡುತ್ತದೆ.

ಮೊದಮೊದಲ ಸಸ್ತನಿಗಳನ್ನು ಬಿಡಿಸುವಾಗಂತೂ ಈ ಪೇಚು ಇನ್ನೂ ಜಾಸ್ತಿ. ಹೆಚ್ಚಿನವು ಇಲಿಯಷ್ಟು ಚಿಕ್ಕವು. ಹಲವದರ ಗುರುತು ಸಿಕ್ಕಿರುವುದು ಹಲ್ಲು, ದವಡೆಯ ಚೂರುಗಳಿಂದಲೇ. ಆದರೆ ಕೆಲವು ಕಲ್ಲುಗಳು ನಮ್ಮ ಪಾಲಿಗೆ ಉದಾರವಾಗಿವೆ. ಚೀನಾದಲ್ಲಿ ಸಿಕ್ಕ, 2006ರಲ್ಲಿ ಹೆಸರು ಪಡೆದ ಕ್ಯಾಸ್ಟೊರೊಕಾಡಾ ಸುಮಾರು 16.4 ಕೋಟಿ ವರ್ಷ ಹಳೆಯದು. ಅದರ ಬಾಲ ಚಪ್ಪಟೆ. ಬಾಲದ ಮೇಲೆ ಹುರುಪೆ, ಹುರುಪೆಗಳ ನಡುವೆ ಅಲ್ಲಲ್ಲಿ ಕೂದಲು! ಡೈನೊಸಾರ್‌ಗಳ ಕಾಲದಲ್ಲಿ ನೀರಲ್ಲಿ ಈಜಿ ಮೀನು ಹಿಡಿಯುತ್ತಿದ್ದ ಪ್ರಾಣಿ ಇದು. ಇಂಥ ಬಾಲವನ್ನು ಸುಮ್ನೆ ಊಹಿಸಿ ಬರೆಯಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ, ಅಲ್ವಾ? ಸ್ಪೇನಿನ ಸ್ಪೈನೊಲೆಸ್ಟಿಸ್ ಪಳೆಯುಳಿಕೆಯಲ್ಲಿ ಹೊರಕಿವಿಯ ಅಚ್ಚೇ ಉಳಿದಿದೆ. ಅದರ ವಯಸ್ಸು ಸುಮಾರು 12.5 ಕೋಟಿ ವರ್ಷ.

ಇನ್ನು ಬಣ್ಣ. ಕೂದಲಿನೊಳಗೆ ಬಣ್ಣ ಹಿಡಿದಿಡುವ ಅತಿ ಸಣ್ಣ ಕಣಗಳಿರುತ್ತವೆ. ಅವುಗಳ ಆಕಾರ ನೋಡಿದರೆ ಬಣ್ಣ ಅಂದಾಜು ಮಾಡಬಹುದು. ಡೈನೊಸಾರ್ ಕಾಲದ ಆರು ಸಸ್ತನಿ ಪಳೆಯುಳಿಕೆಗಳನ್ನು ಹೀಗೆ ಪರೀಕ್ಷಿಸಿದ ಅಧ್ಯಯನ 2025ರಲ್ಲಿ ಬಂತು. ಪಟ್ಟೆಯಿಲ್ಲ, ಚುಕ್ಕೆಯಿಲ್ಲ. ಎಲ್ಲವೂ ಮಂಕು ಕಂದು. ಕತ್ತಲಲ್ಲಿ ಓಡಾಡುವ ಪುಟ್ಟ ಜೀವಕ್ಕೆ ಅಡಗಿಕೊಳ್ಳುವ ಬಣ್ಣವೇ ಬೇಕಾಗಿತ್ತು. ನನಗೆ ಪಟ್ಟೆ ಹಾಕುವ ಆಸೆ ಬಹಳ, ಆದರೆ ಈ ಮಂಕು ಬಣ್ಣವೇ ಈಗ ಹೆಚ್ಚು ಚೆಂದ ಅನಿಸುತ್ತದೆ. ಅದು ನಿಜದ ಹತ್ತಿರ ಇದೆ.

ಈಗ ನನ್ನ ಹಾಳೆಯ ಮೇಲೆ ಮಾರ್ಗನುಕೊಡಾನ್ ಇದೆ. ಸುಮಾರು 20 ಕೋಟಿ ವರ್ಷಗಳ ಹಿಂದಿನ ಹುಳು ತಿನ್ನುವ ಜೀವಿ. ಮೈಗೆಲ್ಲ ಕಂದು ಪೆನ್ಸಿಲ್ ತಿಕ್ಕಿದ್ದೇನೆ. ಕಿವಿಯ ಜಾಗವನ್ನು ಮಾತ್ರ ತುಪ್ಪಳದಿಂದ ಮುಚ್ಚಿದ್ದೇನೆ.