ಎರಡು ದಡ, ಒಂದು ನೀರು, ಹತ್ತು ವೈರ್‌ಲೆಸ್

2024ರ ಆಗಸ್ಟ್ 10, ಶನಿವಾರ. ರಾತ್ರಿ 11ರ ಸುಮಾರಿಗೆ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಯಿತು. ಗೇಟು ಕೊಚ್ಚಿಕೊಂಡು ಹೋಯಿತು. ಡ್ಯಾಂ ತುಂಬಿ ತುಳುಕುವ ಹೊತ್ತು ಅದು. ಆ ಒಂದೇ ಕಿಂಡಿಯಿಂದ ಸುಮಾರು 35 ಸಾವಿರ ಕ್ಯುಸೆಕ್ ನೀರು ನುಗ್ಗಿತು. ಒತ್ತಡ ಇಳಿಸಬೇಕು ಅಂತ ಉಳಿದ ಗೇಟುಗಳನ್ನೂ ಎತ್ತಿದರು. ಮರುದಿನ ನದಿಗೆ ಹೋಗುತ್ತಿದ್ದ ನೀರು 1 ಲಕ್ಷ ಕ್ಯುಸೆಕ್‌ನ ಆಸುಪಾಸಿಗೆ ಬಂತು.

ಮುಂದಿನ ಕಥೆ ಎಲ್ಲರಿಗೂ ಗೊತ್ತು. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಬಂದರು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಕಿಂಡಿಗೆ ಅಡ್ಡ ಇಡುವ ಉಕ್ಕಿನ ತಡೆ, ಇಳಿಸಿದರು, ಒಂದು ವಾರದಲ್ಲಿ ಕಿಂಡಿ ಮುಚ್ಚಿತು. ಕೆಳಗಿನ ಊರುಗಳಲ್ಲಿ ಪುಣ್ಯಕ್ಕೆ ದೊಡ್ಡ ಅನಾಹುತ ಆಗಲಿಲ್ಲ. ನನಗೆ ಕುತೂಹಲ ಇರುವುದು ಬೇರೆ ವಿಷಯದಲ್ಲಿ. ಅಂಥ ರಾತ್ರಿ ಯಾರು ಯಾರಿಗೆ ಫೋನ್ ಮಾಡಬೇಕು?

ಸುಮ್ನೆ ಎಣಿಸಿ ನೋಡಿ. ಅಣೆಕಟ್ಟಿನ ಎಡದಂಡೆ ಮುನಿರಾಬಾದ್, ಅದು ಕೊಪ್ಪಳ ಜಿಲ್ಲೆ. ಬಲದಂಡೆ ಹೊಸಪೇಟೆ, 2021ರವರೆಗೆ ಬಳ್ಳಾರಿ, ಈಗ ವಿಜಯನಗರ. ನೀರು ಕೆಳಗಿಳಿದರೆ ಒಂದು ದಡದಲ್ಲಿ ಗಂಗಾವತಿ, ಇನ್ನೊಂದು ದಡದಲ್ಲಿ ಕಂಪ್ಲಿ. ಮುಂದೆ ಬಳ್ಳಾರಿಯ ಸಿರುಗುಪ್ಪ, ರಾಯಚೂರಿನ ಸಿಂಧನೂರು, ಮಾನ್ವಿ. ಅದರಾಚೆ ಆಂಧ್ರದ ಮಂತ್ರಾಲಯ, ಕರ್ನೂಲು. ಡ್ಯಾಂ ನೋಡಿಕೊಳ್ಳುವ ತುಂಗಭದ್ರಾ ಮಂಡಳಿ ಈ ಯಾವ ಜಿಲ್ಲೆಯ ಕೈಕೆಳಗೂ ಇಲ್ಲ, ಅದು ಅಂತರರಾಜ್ಯ ಸಂಸ್ಥೆ. ಇನ್ನು ಪ್ರತಿ ಜಿಲ್ಲೆಯಲ್ಲಿ ಕಂದಾಯ, ಪೊಲೀಸ್, ಅಗ್ನಿಶಾಮಕ, ಆರೋಗ್ಯ, ಕರೆಂಟಿನ ಕಂಪನಿ, ಬಸ್ಸಿನವರು, ಪಂಚಾಯಿತಿ. ಇಷ್ಟು ಜನಕ್ಕೂ ಒಂದೇ ಸುದ್ದಿ ಬೇಕು. ಆದರೆ ಒಬ್ಬೊಬ್ಬರಿಗೆ ಬೇಕಾಗುವುದು ಆ ಸುದ್ದಿಯ ಬೇರೆ ಬೇರೆ ತುಂಡು.

ಈ ಒಡಕು ಇವತ್ತಿನದಲ್ಲ. ಡ್ಯಾಂಗೆ ಅಡಿಗಲ್ಲು ಬಿದ್ದಿದ್ದೇ ಎರಡು ಕಡೆ. 1945ರ ಫೆಬ್ರವರಿ 28ರಂದು ಹೈದರಾಬಾದ್ ಸಂಸ್ಥಾನದ ಕಡೆಯಿಂದ ಬೇರಾರಿನ ರಾಜಕುಮಾರರು ಎಡದಂಡೆಯಲ್ಲಿ ಒಂದು ಕಲ್ಲು ಇಟ್ಟರು. ಮದ್ರಾಸಿನ ಗವರ್ನರ್ ಸರ್ ಆರ್ಥರ್ ಹೋಪ್ ಬಲದಂಡೆಯಲ್ಲಿ ಇನ್ನೊಂದು ಇಟ್ಟರು. ರಾಯಚೂರು, ಕೊಪ್ಪಳದ ಜನ 1948ರವರೆಗೆ ನಿಜಾಮನ ಆಡಳಿತದಲ್ಲಿ ಇದ್ದವರು. ಬಳ್ಳಾರಿಯವರು 1953ರವರೆಗೆ ಮದ್ರಾಸಿನವರು. ಒಂದೇ ಹೊಳೆಯ ನೀರು ಕುಡಿದು, ಒಂದೇ ಭಾಷೆ ಆಡಿ, ಎರಡು ಬೇರೆ ಸರ್ಕಾರಗಳಿಗೆ ವರದಿ ಕಳಿಸುತ್ತಿದ್ದ ಊರುಗಳು ಇವು. ಆ ಗಡಿಗಳು ಹೋಗಿ ಎಪ್ಪತ್ತು ವರ್ಷ ಆಯಿತು. ವರದಿ ಕಳಿಸುವ ಅಭ್ಯಾಸ ಮಾತ್ರ ಹೋಗಿಲ್ಲ. ಸುದ್ದಿ ತನ್ನ ಇಲಾಖೆಯೊಳಗೆ ಮೇಲಕ್ಕೆ ಸರಾಗವಾಗಿ ಹತ್ತುತ್ತದೆ. ಪಕ್ಕದ ಇಲಾಖೆಗೆ, ಎದುರು ದಡಕ್ಕೆ ಹೋಗಬೇಕಾದರೆ ತಡವರಿಸುತ್ತದೆ.

ಕಂಪ್ಲಿ ಸೇತುವೆಯ ಹತ್ತಿರ ಇದನ್ನು ಕಣ್ಣಾರೆ ನೋಡಬಹುದು. ಡ್ಯಾಂನಿಂದ ನೀರು ಜಾಸ್ತಿ ಬಿಟ್ಟಾಗಲೆಲ್ಲ ಆ ಸೇತುವೆ ಮುಳುಗುತ್ತದೆ. ಒಂದು ಮಳೆಗಾಲ ನಾನು ಗಂಗಾವತಿಯಲ್ಲಿ ಬಸ್ ಹತ್ತಿದೆ. ಟಿಕೆಟ್ ಕೊಟ್ಟರು, ಹೊರಟೆವು. ಸೇತುವೆಯ ಹತ್ತಿರ ಹೋದರೆ ಆಚೆ ದಡದಲ್ಲಿ ಆಗಲೇ ಬ್ಯಾರಿಕೇಡ್ ಹಾಕಿದ್ದಾರೆ. ಈಚೆ ಏನೂ ಇಲ್ಲ. "ನಮಗ ಯಾರೂ ಹೇಳಿಲ್ರಿ" ಅಂದರು ಕಂಡಕ್ಟರ್. ಅವರದೇನು ತಪ್ಪು? ಆಚೆಯ ಠಾಣೆ ಒಂದು ಜಿಲ್ಲೆಯ ಎಸ್‌ಪಿಗೆ ಹೇಳಿರುತ್ತದೆ, ಈಚೆಯ ಠಾಣೆ ಇನ್ನೊಂದು ಜಿಲ್ಲೆಯ ಎಸ್‌ಪಿಯಿಂದ ಕೇಳಬೇಕು. ನಡುವೆ ಇರುವುದು ಒಂದು ಸೇತುವೆಯ ಅಗಲ ಅಷ್ಟೇ.

2009ರ ಅಕ್ಟೋಬರ್ ಶುರುವಿನ ನೆರೆಯನ್ನು ರಾಯಚೂರಿನವರು ಇವತ್ತಿಗೂ ಮರೆತಿಲ್ಲ. ಬರದ ನಾಡು ಅನ್ನಿಸಿಕೊಂಡ ಜಾಗದಲ್ಲಿ ಕೃಷ್ಣೆ, ತುಂಗಭದ್ರೆ ಎರಡೂ ಒಟ್ಟಿಗೆ ಉಕ್ಕಿದವು. ಮಂತ್ರಾಲಯ ಮುಳುಗಿತು, ಕರ್ನೂಲು ಮುಳುಗಿತು. ಕಾನೂನು ಆ ಹೊತ್ತಿಗಾಗಲೇ ಬಂದಿತ್ತು. ಗುಜರಾತಿನ ಭೂಕಂಪ, 2004ರ ಸುನಾಮಿ ಆದ ಮೇಲೆ ಬಂದ ವಿಪತ್ತು ನಿರ್ವಹಣಾ ಕಾಯ್ದೆ 2005ರದು. ಅದರ ಪ್ರಕಾರ ಪ್ರತಿ ಜಿಲ್ಲೆಗೆ ಒಂದು ಪ್ರಾಧಿಕಾರ, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಸದಸ್ಯರಾಗಿ ಎಸ್‌ಪಿ ಇರಲೇಬೇಕು, ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಇರಲೇಬೇಕು. ಅಗ್ನಿಶಾಮಕದವರ ಹೆಸರು ಆ ಕಡ್ಡಾಯ ಪಟ್ಟಿಯಲ್ಲಿ ಇಲ್ಲ, ನೀರಾವರಿ ಎಂಜಿನಿಯರ್ ಹೆಸರೂ ಇಲ್ಲ. ಬೇಕಾದರೆ ಇನ್ನಿಬ್ಬರು ಅಧಿಕಾರಿಗಳನ್ನು ಸೇರಿಸಿಕೊಳ್ಳಿ ಅಂತ ಜಾಗ ಬಿಟ್ಟಿದ್ದಾರೆ. ನೆರೆಯಲ್ಲಿ ದೋಣಿ ಇಳಿಸುವವರು ಮತ್ತು ನೀರು ಬಿಡುವವರು, ಇಬ್ಬರೂ 'ಬೇಕಾದರೆ' ಪಟ್ಟಿಯಲ್ಲಿ! ಎರಡು ಹೊಳೆಗಳ ನಡುವೆ ಇರುವ ಜಿಲ್ಲೆಗೆ ಇದು ಸಣ್ಣ ಮಾತಲ್ಲ.

ಹತ್ತು ವರ್ಷ ಬಿಟ್ಟು, 2019ರ ಆಗಸ್ಟ್. ನಾರಾಯಣಪುರ ಜಲಾಶಯದಿಂದ ಕೃಷ್ಣೆಗೆ ಬಿಟ್ಟ ನೀರು 6 ಲಕ್ಷ ಕ್ಯುಸೆಕ್ ದಾಟಿತು. ಲಿಂಗಸುಗೂರಿನ ಶೀಲಹಳ್ಳಿ ಸೇತುವೆ ಮುಳುಗಿ ಆಚೆಯ ನಡುಗಡ್ಡೆಗಳ ಸಂಪರ್ಕ ಕಡಿಯಿತು. ಆಗಲೇ ದೇವದುರ್ಗ ತಾಲೂಕಿನ ಹಿರೇರಾಯನಕುಂಪಿಯಲ್ಲಿ ಒಂದು ಆಂಬ್ಯುಲೆನ್ಸ್ ಮುಳುಗಿದ ಸೇತುವೆಯ ಮುಂದೆ ನಿಂತಿತು. ರಸ್ತೆ ಎಲ್ಲಿದೆ, ಹೊಳೆ ಎಲ್ಲಿದೆ ಡ್ರೈವರ್‌ಗೆ ಕಾಣುತ್ತಿಲ್ಲ. ಆ ಊರಿನ 12 ವರ್ಷದ ಹುಡುಗನೊಬ್ಬ ಸೊಂಟದವರೆಗಿನ ನೀರಿಗೆ ಇಳಿದು, ಮುಂದೆ ಮುಂದೆ ನಡೆದು ದಾರಿ ತೋರಿಸಿದ. ವಿಡಿಯೊ ದೇಶವೆಲ್ಲ ಓಡಾಡಿತು. ಹುಡುಗನಿಗೆ ಶೌರ್ಯ ಪ್ರಶಸ್ತಿ ಬಂತು, ಬರಬೇಕಾದ್ದೇ. ಆದರೆ ಆ ವಿಡಿಯೊ ನೋಡಿದಾಗೆಲ್ಲ ನನಗೆ ಒಂದೇ ಪ್ರಶ್ನೆ ಕಾಡುತ್ತದೆ. ಸೇತುವೆ ಮುಳುಗಿದೆ, ಈ ದಾರಿಯಲ್ಲಿ ಹೋಗಬೇಡ ಅಂತ ಆ ಡ್ರೈವರ್‌ಗೆ ಹೊರಡುವ ಮೊದಲೇ ಹೇಳುವವರು ಯಾರಾಗಬೇಕಿತ್ತು? ನೀರು ಬಿಟ್ಟವರದು ಒಂದು ನಿಗಮ. ಸೇತುವೆ ಇನ್ನೊಂದು ಇಲಾಖೆಯದು. ಆಂಬ್ಯುಲೆನ್ಸ್ ಮತ್ತೊಂದು ವ್ಯವಸ್ಥೆಯದು. ಮೂವರ ನಡುವಿನ ವೈರ್‌ಲೆಸ್ ಆಗಿದ್ದು ಒಬ್ಬ ಶಾಲಾ ಹುಡುಗ.

ಅದೇ ವಾರ ಕೊಪ್ಪಳ ಜಿಲ್ಲೆಯ ವಿರೂಪಾಪುರ ಗಡ್ಡಿಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದರು. ಕೇಂದ್ರದ ವಿಪತ್ತು ರಕ್ಷಣಾ ಪಡೆ ಎನ್‌ಡಿಆರ್‌ಎಫ್ ಬಂತು, ಅಗ್ನಿಶಾಮಕ ದಳ ಬಂತು, ವಾಯುಪಡೆಯ ಹೆಲಿಕಾಪ್ಟರ್ ಬಂತು. ರಕ್ಷಣೆಗೆ ಇಳಿದ ಒಂದು ದೋಣಿಯೇ ಮಗುಚಿತು. ಅದರಲ್ಲಿದ್ದವರು ಬದುಕಿದರು. ಇಷ್ಟು ದಳಗಳು ಒಂದೇ ನಡುಗಡ್ಡೆಯ ಸುತ್ತ ಕೆಲಸ ಮಾಡುವಾಗ ಯಾರ ಮಾತು ಯಾರಿಗೆ ಕೇಳಿಸುತ್ತದೆ ಅನ್ನುವುದು ಸಣ್ಣ ಪ್ರಶ್ನೆ ಅಲ್ಲ.

ಇಲ್ಲಿ ವೈರ್‌ಲೆಸ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಬೇಕು. ವಾಕಿಟಾಕಿ ಅಂದರೆ ಮೊಬೈಲ್ ತರ ಯಾರಿಗೆ ಬೇಕಾದರೂ ಮಾತಾಡುವ ಸಾಧನ ಅಲ್ಲ. ಅದು ಒಂದು ನಿಗದಿತ ತರಂಗದಲ್ಲಿ ಮಾತ್ರ ಕೇಳುತ್ತದೆ, ಮಾತಾಡುತ್ತದೆ. ಗುಡ್ಡದ ಮೇಲೆ ಒಂದು ರಿಪೀಟರ್ ಇಟ್ಟು ಅದರ ದೂರ ಹೆಚ್ಚಿಸುತ್ತಾರೆ. ಪೊಲೀಸರಿಗೆ ಅವರದೇ ತರಂಗ. ಬೇರೆ ಇಲಾಖೆಗೆ ಬೇರೆ. ಆಂಬ್ಯುಲೆನ್ಸಿನವರು ಹೆಚ್ಚಾಗಿ ಮೊಬೈಲನ್ನೇ ನಂಬಿದವರು. ಇಬ್ಬರು ಹತ್ತು ಅಡಿ ದೂರದಲ್ಲಿ ನಿಂತಿದ್ದರೂ ಸೆಟ್ಟುಗಳು ಒಂದಕ್ಕೊಂದು ಕಿವುಡು. ಇದಕ್ಕೆ ದಾರಿ ಇಲ್ಲದೆ ಇಲ್ಲ. ಎಲ್ಲ ಸೆಟ್ಟಿನಲ್ಲೂ ಒಂದು ಸಾಮಾನ್ಯ ಚಾನೆಲ್ ಇಡಬಹುದು. ಎರಡು ಜಾಲಗಳನ್ನು ಹೊಲಿಗೆ ಹಾಕುವ ಉಪಕರಣ ಕೂಡಿಸಬಹುದು. ಅದೂ ಇಲ್ಲದಿದ್ದರೆ ಅತಿ ಅಗ್ಗದ ಉಪಾಯ: ಪ್ರತಿ ಇಲಾಖೆಯಿಂದ ಒಬ್ಬೊಬ್ಬರು ತಮ್ಮ ಸೆಟ್ ಹಿಡಿದು ಒಂದೇ ಟೇಬಲ್ಲಿಗೆ ಬಂದು ಕೂರುವುದು.

ಈ ಪಾಠವನ್ನು ಬೇರೆ ದೇಶದವರೂ ಕಷ್ಟಪಟ್ಟೇ ಕಲಿತಿದ್ದಾರೆ. 1970ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 13 ದಿನ ಕಾಡ್ಗಿಚ್ಚು ಹತ್ತಿ ಉರಿಯಿತು. 16 ಜನ ಸತ್ತರು. ಬೆಂಕಿ ಆರಿಸಲು ಬಂದ ದಳಗಳಿಗೆ ಕೊರತೆ ಇದ್ದದ್ದು ನೀರಿನದಲ್ಲ, ಒಬ್ಬರ ರೇಡಿಯೊ ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ, ಒಬ್ಬರ ಪರಿಭಾಷೆ ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ. ಅದಾದ ಮೇಲೆ ಅಲ್ಲಿ ಒಂದು ಪದ್ಧತಿ ಹುಟ್ಟಿತು: ಘಟನೆಗೆ ಒಬ್ಬ ಕಮಾಂಡರ್, ಎಲ್ಲರಿಗೂ ಒಂದೇ ಮಾತು, ಕೋಡ್ ಭಾಷೆ ಬೇಡ. ಇಷ್ಟಾದರೂ 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಅದೇ ಕಿವುಡುತನ ಮತ್ತೆ ಕಾಡಿತು. ಗೋಪುರದ ಸ್ಥಿತಿ ಕೆಟ್ಟಿದೆ ಎಂದು ಪೊಲೀಸ್ ಹೆಲಿಕಾಪ್ಟರ್‌ನಿಂದ ಬಂದ ಎಚ್ಚರಿಕೆ ಬೇರೆ ರೇಡಿಯೊದಲ್ಲಿದ್ದ ಅಗ್ನಿಶಾಮಕದವರಿಗೆ ಮುಟ್ಟಲಿಲ್ಲ. ಆ ದಿನ ಸತ್ತ ಅಗ್ನಿಶಾಮಕ ಸಿಬ್ಬಂದಿ 343. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಆ ಕ್ಯಾಲಿಫೋರ್ನಿಯಾ ಪದ್ಧತಿಯನ್ನು ನಮ್ಮ ಆಡಳಿತಕ್ಕೆ ಒಗ್ಗಿಸಿ 2010ರಲ್ಲಿ ಮಾರ್ಗಸೂಚಿ ಹೊರಡಿಸಿತು. ಜಿಲ್ಲೆಯಲ್ಲಿ ಹೊಣೆ ಜಿಲ್ಲಾಧಿಕಾರಿಯದು. ಸ್ಥಳದಲ್ಲಿ ಒಬ್ಬ ಇನ್ಸಿಡೆಂಟ್ ಕಮಾಂಡರ್. ಇಲಾಖೆಗಳ ನಡುವೆ ಮಾತು ಸಾಗಿಸಲೆಂದೇ ಒಬ್ಬ ಅಧಿಕಾರಿ. ಕಾಗದದ ಮೇಲೆ ಚೆನ್ನಾಗಿದೆ.

ಜನರ ಕಡೆಯಿಂದ ನೋಡಿದರೆ ಗೊಂದಲ ಇನ್ನೂ ಜಾಸ್ತಿ. ಮೊದಲು 100, 101 ಇದ್ದವು. 2008ರ ನವೆಂಬರ್‌ನಲ್ಲಿ 108 ಬಂತು. ಹಳ್ಳಿಯವರ ಬಾಯಲ್ಲಿ ಆಂಬ್ಯುಲೆನ್ಸಿಗೇ 'ಒನ್ ನಾಟ್ ಏಟ್' ಅಂತ ಹೆಸರಾಯಿತು, ಅಷ್ಟು ಬೇಗ ಒಗ್ಗಿಕೊಂಡರು. ಜಿಲ್ಲಾ ವಿಪತ್ತು ಕಂಟ್ರೋಲ್ ರೂಮಿಗೆ 1077. ಕರೆಂಟಿಗೆ 1912. ಹೆದ್ದಾರಿಗೆ 1033. 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ ಒಂದೇ ನಂಬರ್ ಬೇಕು ಅನ್ನುವ ಕೂಗು ಜೋರಾಗಿ, 2019ರಿಂದ ದೇಶದಲ್ಲಿ 112 ಹರಡಿತು. ಒಳ್ಳೆಯ ಕೆಲಸ. ಆದರೆ 108 ತನ್ನ ಪಾಡಿಗೆ ತಾನು ಉಳಿದಿದೆ. ಅದರ ಕಾಲ್ ಸೆಂಟರ್ 2022ರ ಸೆಪ್ಟೆಂಬರ್‌ನಲ್ಲಿ ಕೈಕೊಟ್ಟಾಗ ರಾಜ್ಯದ ತುಂಬ ಜನ ಪರದಾಡಿದರು.

ಕರೆ ಎತ್ತುವವರು ಕೂತಿರುವುದು ಬೆಂಗಳೂರಿನಲ್ಲಿ. ಮಸ್ಕಿಯ ಹೊಲದಿಂದ ಒಬ್ಬರು "ಊರ ಹೊರಗ ಹನಮಪ್ಪನ ಗುಡಿ ದಾಟಿದ ಮ್ಯಾಲ ಎಡಕ್ಕ ಬರ್ರಿ" ಅಂದರೆ ಅಲ್ಲಿನವರು ಏನು ಮಾಡಬೇಕು? ಹನಮಪ್ಪನ ಗುಡಿ ಇಲ್ಲದ ಊರೇ ನಮ್ಮಲ್ಲಿ ಇಲ್ವಲ್ಲ! ಗಡಿ ಊರುಗಳಲ್ಲಿ ಇನ್ನೊಂದು ಪಜೀತಿ. ಫೋನ್ ಯಾವ ಟವರ್ ಹಿಡಿದಿದೆಯೋ ಅದರ ಮೇಲೆ ಕರೆ ಹೋಗುತ್ತದೆ. ಟವರ್ ಆಂಧ್ರದ್ದೋ ತೆಲಂಗಾಣದ್ದೋ ಆದರೆ ಆ ಕಡೆಯಿಂದ ತೆಲುಗು ಕೇಳಿಸುತ್ತದೆ. ರಾಯಚೂರಿನವರಿಗೆ ತೆಲುಗು ಹೊಸದಲ್ಲ, ಆದರೆ ಆ ರಾಜ್ಯದ ಆಂಬ್ಯುಲೆನ್ಸ್ ಈ ಊರಿನ ದಾರಿಗೆ ಹೊಸದು.

ಇನ್ನು ವಾಟ್ಸಾಪ್. ನಿಜ ಹೇಳಬೇಕೆಂದರೆ ಕಳೆದ ಹತ್ತು ವರ್ಷಗಳಲ್ಲಿ ಇಲಾಖೆಗಳ ನಡುವಿನ ಗೋಡೆಯನ್ನು ಅತಿ ಹೆಚ್ಚು ಒಡೆದದ್ದು ಯಾವ ಕಾಯ್ದೆಯೂ ಅಲ್ಲ, ಈ ಗ್ರೂಪುಗಳು. ತಹಸೀಲ್ದಾರ್, ಪಿಎಸ್‌ಐ, ಪಿಡಿಒ, ಲೈನ್‌ಮನ್ ಒಂದೇ ಗ್ರೂಪಿನಲ್ಲಿ. ಸೇತುವೆಯ ಫೋಟೊ ಒಂದು ನಿಮಿಷದಲ್ಲಿ ಎಲ್ಲರಿಗೂ. ಮೊದಲ ಬಾರಿಗೆ ಸುದ್ದಿ ಪಕ್ಕಕ್ಕೆ ಹರಿಯಿತು. ಆದರೆ ಅದೇ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹೂವುಗಳೂ ಬರುತ್ತವೆ, ಹೋದ ವರ್ಷದ ನೆರೆಯ ವಿಡಿಯೊವನ್ನು ಯಾರೋ ಇವತ್ತಿನದು ಅಂತ ಹಾಕುತ್ತಾರೆ. ವರ್ಗವಾಗಿ ಹೋದ ಸಾಹೇಬರು ಗ್ರೂಪಿನಲ್ಲೇ ಇರುತ್ತಾರೆ, ಹೊಸದಾಗಿ ಬಂದವರನ್ನು ಸೇರಿಸಲು ಮರೆತಿರುತ್ತಾರೆ. ಎಲ್ಲಕ್ಕಿಂತ ಮುಖ್ಯ, ಮಳೆಗೆ ಕರೆಂಟ್ ಹೋಗಿ ಟವರಿನ ಬ್ಯಾಟರಿ ಮುಗಿದರೆ ಗ್ರೂಪೂ ಮುಗಿಯಿತು. ನೆರೆ ಬರುವುದು ಅಂಥ ಹೊತ್ತಿನಲ್ಲೇ.

ಸೆಟ್ಟು, ಟವರು, ನಂಬರು ಎಲ್ಲ ಸರಿ ಹೋದರೂ ಉಳಿಯುವ ತೊಡಕು ಒಂದಿದೆ. ಅದು ಮಾತಿನದು. ಡ್ಯಾಂನವರು 'ಒಂದು ಲಕ್ಷ ಕ್ಯುಸೆಕ್' ಅನ್ನುತ್ತಾರೆ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಒಂದು ಲಕ್ಷ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಎಂಜಿನಿಯರ್‌ಗೆ ಇದು ಪೂರ್ತಿ ಸುದ್ದಿ. ಅಗ್ನಿಶಾಮಕ ಠಾಣೆಯವರಿಗೆ, ಊರಿನ ತಳವಾರನಿಗೆ ಇದು ಬರೀ ಸಂಖ್ಯೆ. ಅವರಿಗೆ ಬೇಕಾದ ಮಾತು ಬೇರೆ: ಕಂಪ್ಲಿ ಸೇತುವೆ ಮೇಲೆ ಎಷ್ಟು ಗಂಟೆಗೆ ನೀರು ಬರುತ್ತದೆ? ಯಾವ ಓಣಿಯವರು ಮೊದಲು ಎದ್ದು ಹೊರಡಬೇಕು? ಹಿಂದೆ ಡಂಗುರ ಸಾರುವವನು ಇದನ್ನು ಬಲ್ಲ. "ನಾಳಿ ಹೊತ್ತೇರೂದ್ರಾಗ ಹೊಳಿ ದಂಡಿ ಮನಿ ಖಾಲಿ ಮಾಡ್ರಿ" ಅಂತಿದ್ದ. ಲೆಕ್ಕವನ್ನು ಜನರ ಮಾತಿಗೆ ತಿರುಗಿಸುವ ಆ ಕೆಲಸ ಈಗ ಯಾವ ಇಲಾಖೆಯ ಪಾಲಿಗೂ ಬಂದಿಲ್ಲ.

2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲುಗಳೆಲ್ಲ ಒಟ್ಟಿಗೆ ಕಿರುಚಿಕೊಂಡದ್ದು ನೆನಪಿದೆಯಾ? ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ ಅದು. ಒಂದು ಟವರಿನ ಕೆಳಗಿರುವ ಫೋನುಗಳಿಗೆಲ್ಲ ಒಂದೇ ಸಲ ಎಚ್ಚರಿಕೆ ಕಳಿಸುವ ವಿಧಾನ. ಇದು ನಿಜಕ್ಕೂ ಹೊಸ ಡಂಗುರ, ನನಗೆ ಭರವಸೆ ಇರುವುದೂ ಇದರ ಮೇಲೆ. ಆದರೆ ಆ ಸಂದೇಶದಲ್ಲಿ ಏನು ಬರೆಯಬೇಕು ಅನ್ನುವುದನ್ನು ಡ್ಯಾಂನವರು, ಪೊಲೀಸರು, ಕಂದಾಯದವರು ಮೊದಲೇ ಕೂತು ಗೊತ್ತು ಮಾಡಿಕೊಂಡಿರಬೇಕು, ಅಲ್ವಾ?

2025ರ ಮೇ ತಿಂಗಳಲ್ಲಿ ದೇಶದ ತುಂಬ ಮಾಕ್ ಡ್ರಿಲ್ ಮಾಡಲು ಕೇಂದ್ರ ಹೇಳಿದಾಗ ಕರ್ನಾಟಕದ ಪಟ್ಟಿಯಲ್ಲಿ ಬೆಂಗಳೂರು, ಕಾರವಾರದ ಜೊತೆ ರಾಯಚೂರಿನ ಹೆಸರೂ ಇತ್ತು. ಶಕ್ತಿನಗರದ ಶಾಖೋತ್ಪನ್ನ ಸ್ಥಾವರ ಇರುವ ಊರಿಗೆ ಅದು ಸರಿಯೇ. ಆದರೆ ಮಾಕ್ ಡ್ರಿಲ್ ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ ಹಗಲು ಹೊತ್ತು, ಎಲ್ಲ ಸಾಹೇಬರೂ ಒಂದೇ ಮೈದಾನದಲ್ಲಿ, ಫೋನಿನಲ್ಲಿ ಪೂರ್ತಿ ಸಿಗ್ನಲ್. ಒಂದು ಶನಿವಾರ ರಾತ್ರಿ 11 ಗಂಟೆಗೆ ಮಾಡಿ ನೋಡಬೇಕು. ಎಲ್ಲರ ಮೊಬೈಲನ್ನೂ ಒಂದು ಬುಟ್ಟಿಯಲ್ಲಿ ಹಾಕಿಸಬೇಕು. ಮುನಿರಾಬಾದಿನಿಂದ ಹೊರಟ ಒಂದು ಮಾತು ಗಂಗಾವತಿಯ ಅಗ್ನಿಶಾಮಕ ಠಾಣೆಗೆ, ಕಂಪ್ಲಿಯ ಪೊಲೀಸ್ ಠಾಣೆಗೆ, ಸೇತುವೆಯ ಹತ್ತಿರದ ಬಸ್ಸಿನ ಕಂಡಕ್ಟರ್‌ಗೆ ಎಷ್ಟು ನಿಮಿಷಕ್ಕೆ ಮುಟ್ಟುತ್ತದೆ ಅಂತ ಯಾರಾದರೊಬ್ಬರು ಗಡಿಯಾರ ಹಿಡಿದು ಬರೆದುಕೊಳ್ಳಬೇಕು.