ರವದಿ ಸುಡದಿದ್ದರೆ ಹುಳ ಜಾಸ್ತಿ ಆಗುತ್ತಾ?

“ಕಬ್ಬು ಕಡದ ಮ್ಯಾಲೆ ರವದಿ ಸುಡಲಿಲ್ಲಂದ್ರ ಗೊಣ್ಣೆ ಹುಳ ಜಾಸ್ತಿ ಆಗ್ತಾವಂತ, ಖರೇ ಏನ್ರಿ? ಬಾಜೂದವ್ರು ಎಲ್ಲಾರೂ ಸುಡತಾರ. ನಾ ಒಬ್ಬಾವ ಬಿಟ್ರ ಏನ್ ಉಪಯೋಗ?”

ಮುಧೋಳ ಕಡೆಯ ರೈತರೊಬ್ಬರ ಪ್ರಶ್ನೆ. ರವದಿ ಅಂದರೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆ. ಗೊಣ್ಣೆ ಹುಳ ಅಂದರೆ ಮಣ್ಣಿನೊಳಗಿದ್ದು ಬೇರು ತಿನ್ನುವ ಬಿಳಿ ಹುಳ, ದುಂಬಿಯ ಮರಿ. ಸಕ್ಕರೆ ಕಾರ್ಖಾನೆ ಶುರುವಾದರೆ ಸಾಕು, ಜಮಖಂಡಿ, ರಾಯಬಾಗ, ಅಥಣಿ ಎಲ್ಲ ಕಡೆಯಿಂದಲೂ ಇದೇ ಬರುತ್ತದೆ. ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ಮನೆಯವರಿಗೂ ಓದಿ ಹೇಳಿ: ರವದಿ ಸುಟ್ಟರೆ ಗೊಣ್ಣೆ ಹುಳ ಸಾಯುವುದಿಲ್ಲ.

ನಾವು ಬೆಂಕಿ ಹಚ್ಚುವುದು ಯಾವಾಗ? ಕಬ್ಬು ಹೋದ ಮೇಲೆ, ಡಿಸೆಂಬರ್‌ನಿಂದ ಮಾರ್ಚ್ ಒಳಗೆ. ಗೊಣ್ಣೆ ಹುಳ ಬೇರು ತಿನ್ನುವುದು ಮಳೆಗಾಲದಲ್ಲಿ. ನೀವು ಕಡ್ಡಿ ಗೀರುವ ಹೊತ್ತಿಗೆ ಅದು ಹೊಟ್ಟೆ ತುಂಬಿಸಿಕೊಂಡು ಒಂದು ಅಡಿಗೂ ಕೆಳಗೆ ಇಳಿದಿರುತ್ತದೆ. ಅಲ್ಲೇ ಮಣ್ಣಿನ ಗೂಡು ಮಾಡಿಕೊಂಡು, ಕೋಶವಾಗಿ, ದುಂಬಿಯಾಗಿ, ಮುಂದಿನ ಮಳೆಗೆ ಕಾಯುತ್ತದೆ. ರವದಿ ಬೆಂಕಿ ಭರ್ರನೆ ಹತ್ತಿ ಭರ್ರನೆ ಆರುತ್ತದೆ. ಅದರ ಬಿಸಿ ಮೇಲಿನ ಒಂದೆರಡು ಇಂಚು ದಾಟುವುದಿಲ್ಲ.

ನನ್ನ ಮಾತು ಬೇಡ, ಸಲಿಕೆ ಹಿಡಿದು ನೋಡಿ. ಒಮ್ಮೆ ಸುಟ್ಟ ಮರುದಿನ ನಾನೇ ಅಗೆದೆ. ಮೇಲೆ ಕರಿ ಬೂದಿ, ನಾಲ್ಕು ಬೆರಳು ಕೆಳಗೆ ತಣ್ಣನೆ ಮಣ್ಣು. ಇನ್ನೂ ಕೆಳಗೆ ಲಿಂಬೆಕಾಯಿಯಷ್ಟು ಹೆಂಟೆ ಸಿಕ್ಕಿತು. ಒಡೆದರೆ ಒಳಗೆ ಕಂದು ದುಂಬಿ, ಕಾಲು ಆಡಿಸುತ್ತಿತ್ತು. ಸತ್ತದ್ದು ಯಾರು? ರವದಿ ಅಡಿಯಲ್ಲಿದ್ದ ಜೇಡ, ಇರುವೆ, ಹುಳ ತಿನ್ನುವ ಕೀಟಗಳು. ನಮ್ಮ ಕಡೆಯವರೇ ಸತ್ತರು.

ಎಳೆ ಕಬ್ಬಿನ ಸುಳಿ ಕೊರೆದು ಒಣಗಿಸುವ ಹುಳ, ಸುಳಿ ಕೊರಕದ ವಿಷಯ ಇನ್ನೂ ಉಲ್ಟಾ. ನೆಲ ಬರಿದಾಗಿ ಕಾದಷ್ಟೂ ಅದು ಜಾಸ್ತಿ. ರವದಿ ಹೊದಿಸಿದ ಹೊಲದಲ್ಲಿ ಕಡಿಮೆ.

“ಬೂದಿ ಗೊಬ್ಬರ ಅಲ್ವಾ?” ಎನ್ನುತ್ತೀರಿ. ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತದೆ, ನಿಜ. ಆದರೆ ಸಾರಜನಕ ಹೊಗೆಯಲ್ಲಿ ಹೋಯಿತು. ಎಕರೆಗೆ 3 ಟನ್ ರವದಿ ಹಿಡಿಯಿರಿ. ಅದರಲ್ಲಿ ಸುಮಾರು 12 ಕೆಜಿ ಸಾರಜನಕ. 45 ಕೆಜಿಯ ಯೂರಿಯಾ ಚೀಲದಲ್ಲಿ ಅರ್ಧಕ್ಕಿಂತ ಜಾಸ್ತಿ ಸುಮ್ನೆ ಸುಟ್ಟ ಹಾಗೆ. ಕೆಂಪು ಕೊಳೆ ರೋಗ ಬಂದ ಹೊಲವಿದ್ದರೆ ಮಾತು ಬೇರೆ. ಅಲ್ಲಿ ಸುಡಲೇಬೇಕು, ಕಡಿದ ಬುಡದಿಂದ ಮತ್ತೆ ಚಿಗುರುವ ಕುಳೆ ಬೆಳೆಯನ್ನೂ ತೆಗೆದುಕೊಳ್ಳಬಾರದು.

ಉಳಿದವರು ಸಾಲು ಬಿಟ್ಟು ಸಾಲಿಗೆ ರವದಿ ಎಳೆದು ಹಾಕಿ. ಟನ್ನಿಗೆ 8 ಕೆಜಿ ಯೂರಿಯಾ, 10 ಕೆಜಿ ಸೂಪರ್ ಫಾಸ್ಫೇಟ್, 1 ಕೆಜಿ ಕೊಳೆಸುವ ಪುಡಿ ಎರಚಿ ನೀರು ಬಿಡಿ. ಮಳೆಗಾಲದ ಹೊತ್ತಿಗೆ ಕರಗಿರುತ್ತದೆ.

ಈಗ “ನಾ ಒಬ್ಬಾವ” ಎಂಬ ಮಾತಿಗೆ ಬರೋಣ. ಇದು ಸರಿಯಾದ ಪ್ರಶ್ನೆ. ಬೆಂಕಿಗೆ ಬದು ಗೊತ್ತಿಲ್ಲ. ಪಕ್ಕದವರು ಹಚ್ಚಿದ್ದು ಗಾಳಿಗೆ ಈಚೆ ದಾಟಿದರೆ ನಿಮ್ಮ ರವದಿ ಸುಡುತ್ತದೆ, ಹನಿ ನೀರಾವರಿ ಪೈಪು ಕರಗುತ್ತದೆ. ಅದಕ್ಕೇ ಒಂದು ಕಾಲುವೆಯ ಮೇಲಿರುವ ಹತ್ತು ಜನ ಕಡಿಯುವ ಮೊದಲೇ ಕೂತು ಮಾತಾಡಬೇಕು. ರವದಿ ಪುಡಿ ಮಾಡುವ ಯಂತ್ರವನ್ನೂ ಸೇರಿ ಬಾಡಿಗೆಗೆ ತಂದರೆ ಹಗುರ.

ಸೇರಿ ಮಾಡುವುದು ನಮಗೆ ಹೊಸದಲ್ಲ. 2002ರಲ್ಲಿ ಸಾಂಗ್ಲಿಯಲ್ಲಿ ಕಾಣಿಸಿದ ಬಿಳಿ ಉಣ್ಣೆ ಹೇನು ನಮ್ಮ ಕಡೆಗೂ ಹಬ್ಬಿತ್ತು, ನೆನಪಿದೆಯಲ್ಲ? ಎಲೆ ಅಡಿ ಸುಣ್ಣ ಬಳಿದಂತೆ ಬೆಳ್ಳಗೆ. ಅದನ್ನು ಹತೋಟಿಗೆ ತಂದದ್ದರಲ್ಲಿ ಡೈಫಾ, ಮೈಕ್ರೋಮಸ್ ಎಂಬ ಮಿತ್ರ ಕೀಟಗಳ ಪಾಲು ದೊಡ್ಡದು. ಆ ಕೀಟ ಇರುವ ಎಲೆ ಕೊಯ್ದು ಇನ್ನೊಂದು ಹೊಲದ ಕಬ್ಬಿಗೆ ಸಿಕ್ಕಿಸಿದರೆ ಅಲ್ಲೂ ಬೆಳೆಯುತ್ತಿದ್ದವು. ಆಗ ಸೇರಿ ಎಲೆ ಹಂಚಿಕೊಂಡ ಹಾಗೆ ಈಗ ಸೇರಿ ಗೊಣ್ಣೆ ಹುಳದ ದುಂಬಿ ಹಿಡಿಯಬೇಕು. ಮೇ, ಜೂನ್‌ನಲ್ಲಿ ಮೊದಲ ಜೋರು ಮಳೆಯಾದ ಸಂಜೆ ದುಂಬಿಗಳು ಎದ್ದು ಬೇವು, ಜಾಲಿ ಮರಕ್ಕೆ ಬರುತ್ತವೆ. ಕತ್ತಲಾದ ಮೇಲೆ ಟೊಂಗೆ ಅಲ್ಲಾಡಿಸಿ, ಕೆಳಗೆ ಹಾಸಿದ ತಾಡಪಾಲಿನ ಮೇಲೆ ಬಿದ್ದದ್ದನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ಊರೆಲ್ಲ ಸೇರಿ ನಾಲ್ಕೈದು ಸಂಜೆ ಮಾಡಬೇಕು. ಒಬ್ಬರು ಮಾಡಿದರೆ ಪಕ್ಕದ ಮರದ ದುಂಬಿ ನಿಮ್ಮ ಹೊಲದಲ್ಲೇ ಮೊಟ್ಟೆ ಇಡುತ್ತದೆ.

ಇದನ್ನು ಹೇಳಿದಾಗಲೆಲ್ಲ ಒಬ್ಬರಾದರೂ ಕೊಡಲಿ ನೆನೆಯುತ್ತಾರೆ: ಹಾಗಾದರೆ ಬದುವಿನ ಬೇವು ಕಡಿದರಾಯಿತಲ್ಲ? ಬೇಡ, ದಯವಿಟ್ಟು ಕಡಿಯಬೇಡಿ. ದುಂಬಿಗೆ ಬೇರೆ ಮರ ಸಿಗುತ್ತದೆ, ನಿಮಗೆ ದುಂಬಿ ಸಿಗುವುದಿಲ್ಲ. ಎಲ್ಲ ಒಂದೇ ಕಡೆ ಬಂದು ಕೂರುವುದೇ ಹಿಡಿಯುವವರಿಗೆ ಅನುಕೂಲ. ಅದೂ ಅಲ್ಲದೆ, ಅದೇ ಮರದಲ್ಲಿ ಕೂರುವ ಗೊರವಂಕ ನೀವು ರಂಟೆ ಹೊಡೆಯುವಾಗ ಬೆಳ್ಳಕ್ಕಿ ಜೊತೆ ಹಿಂದೆಯೇ ನಡೆದುಬಂದು, ಮೇಲೆದ್ದ ಗೊಣ್ಣೆಯನ್ನು ಒಂದೊಂದಾಗಿ ಹೆಕ್ಕುತ್ತದೆ.