ಬೀಥೋವನ್‌ನ ಮೂರನೇ ಸಿಂಫನಿ: ಕಿವಿ ಎಲ್ಲಿಡಬೇಕು?

ಓದುಗರ ಪ್ರಶ್ನೆ: ಯುರೋಪಿನ ಸಂಗೀತದ ಬಗ್ಗೆ ಏನೇ ಓದಿದರೂ, ಬೀಥೋವನ್‌ನ ಮೂರನೇ ಸಿಂಫನಿ ‘ಎರೋಯಿಕಾ’ (‘ವೀರ’ ಸಿಂಫನಿ) ಜ್ಞಾನೋದಯ ಕಾಲದ (18ನೇ ಶತಮಾನದ ಎನ್‌ಲೈಟನ್‌ಮೆಂಟ್) ಕ್ಲಾಸಿಕಲ್ ಸಂಗೀತವನ್ನು ಮುಗಿಸಿ ರೊಮ್ಯಾಂಟಿಕ್ ಯುಗದ ಬಾಗಿಲು ತೆರೆಯಿತು ಎಂದಿರುತ್ತದೆ. ಕರ್ನಾಟಕ ಸಂಗೀತ ಕೇಳಿ ಬೆಳೆದ ನನಗೆ ಅದರಲ್ಲಿ ದೊಡ್ಡ ಸದ್ದು ಬಿಟ್ಟರೆ ಏನೂ ಹಿಡಿತಕ್ಕೆ ಸಿಗುತ್ತಿಲ್ಲ. ಆ ಬದಲಾವಣೆ ಎಲ್ಲಿ ಕೇಳಿಸುತ್ತದೆ?

ಉತ್ತರ: ಏಳನೇ ಸೆಕೆಂಡಿನಲ್ಲಿ. ಅಲ್ಲಿ ಒಂದು ಪ್ರಶ್ನೆ ಏಳುತ್ತದೆ, ಅದಕ್ಕೆ ಉತ್ತರ ಬರುವುದು ಎಷ್ಟೋ ನಿಮಿಷಗಳ ನಂತರ. ಈ ಎರಡು ಜಾಗ ಗುರುತು ಸಿಕ್ಕಿತೆಂದರೆ ನೀವು ಹೇಳುವ ಸದ್ದಿಗೆ ಒಂದು ದಾರಿ ಕಾಣತೊಡಗುತ್ತದೆ. ಕರ್ನಾಟಕ ಸಂಗೀತ ಕೇಳಿ ಬೆಳೆದಿರುವುದು ಇಲ್ಲಿ ನಿಮಗೆ ಅಡ್ಡಿಯಲ್ಲ, ದೊಡ್ಡ ಅನುಕೂಲ.

ಕೃತಿ ಇರುವುದು ಇ-ಫ್ಲ್ಯಾಟ್ ಮೇಜರ್‌ನಲ್ಲಿ. ಇ-ಫ್ಲ್ಯಾಟನ್ನು ಷಡ್ಜ ಎಂದುಕೊಳ್ಳಿ. ಸಿಗುವ ಸ್ವರಗಳು ಶಂಕರಾಭರಣದವು, ಗಮಕ ಮಾತ್ರ ಇಲ್ಲ. ಮೊದಲು ಇಡೀ ವಾದ್ಯವೃಂದ ಎರಡು ಪೆಟ್ಟು ಹೊಡೆಯುತ್ತದೆ. ಕೂಡಲೇ ಚೆಲ್ಲೋಗಳು, ಅಂದರೆ ಪಿಟೀಲಿನ ಬಳಗದ ದೊಡ್ಡ, ತಗ್ಗುಸ್ವರದ ವಾದ್ಯಗಳು, ಸ ಗ ಸ ಪ, ಸ ಗ ಪ ಸ ಎಂದು ಶುರುಮಾಡುತ್ತವೆ (ಮೊದಲ ಪಂಚಮ ಮಂದ್ರದ್ದು). ಪಾಠ ಕಲಿಯುವ ಮಕ್ಕಳೂ ಹಾಡಬಹುದಾದಷ್ಟು ಸರಳ. ಆಮೇಲೆ ಸ ನಿ ಎಂದು ಇಳಿದ ಚೆಲ್ಲೋ ಅಲ್ಲಿಗೇ ನಿಲ್ಲದೆ ಇನ್ನೊಂದು ಮೆಟ್ಟಿಲು ಇಳಿದು ಕೈಶಿಕಿ ನಿಷಾದದ ಮೇಲೆ ಕೂತುಬಿಡುತ್ತದೆ. ಶಂಕರಾಭರಣದ ನಿಷಾದ ಕಾಕಲಿ. ಕೈಶಿಕಿ ಈ ಮನೆಯದಲ್ಲ. ಪಾಶ್ಚಾತ್ಯ ಬರಹಗಳು ಇದನ್ನು ಸಿ-ಶಾರ್ಪ್ ಎಂದು ಗುರುತಿಸುತ್ತವೆ. ಮೇಲೆ ವಯೊಲಿನ್‌ಗಳು ತಾಳ ತಪ್ಪಿದಂತೆ ಒಂದೇ ಗಾಂಧಾರವನ್ನು ಎಡವಿ ಎಡವಿ ನುಡಿಸುತ್ತಿರುತ್ತವೆ. ಎರಡು ಕ್ಷಣದಲ್ಲಿ ಚೆಲ್ಲೋ ಮತ್ತೆ ಕಾಕಲಿಗೆ ಏರುತ್ತದೆ, ಎಲ್ಲ ಸರಿಹೋದಂತೆ ತೋರುತ್ತದೆ. ಆದರೆ ಆ ಅನ್ಯಸ್ವರ ಯಾಕೆ ಬಂತು ಎಂಬುದು ಹಾಗೇ ಉಳಿಯುತ್ತದೆ.

ಸಮಯದ ಲೆಕ್ಕಕ್ಕೆ ಒಂದು ಸುಲಭ ಉಪಾಯವಿದೆ. 1817ರಲ್ಲಿ ಬೀಥೋವನ್ ತನ್ನ ಸಿಂಫನಿಗಳಿಗೆ ಮೆಟ್ರೊನೋಮ್ (ಎಣಿಕೆಯ ವೇಗ ತೋರಿಸುವ ಯಂತ್ರ) ಗತಿಗಳನ್ನು ಪ್ರಕಟಿಸಿದ. ನಾಲ್ಕು ಭಾಗಗಳ ಎರೋಯಿಕಾದಲ್ಲಿ ಮೊದಲ ಭಾಗಕ್ಕೆ ಅವನು ಕೊಟ್ಟದ್ದು ನಿಮಿಷಕ್ಕೆ 60 ಬಾರ್. ಬಾರ್ ಅಂದರೆ ಇಲ್ಲಿ ಮೂರು ಎಣಿಕೆಯ ಒಂದು ಚಿಕ್ಕ ಆವರ್ತ. ಅಂದರೆ ಒಂದು ಬಾರ್‌ಗೆ ಒಂದು ಸೆಕೆಂಡ್. ಸ್ವರಲಿಪಿಯ ಬಾರ್ ಸಂಖ್ಯೆಯೇ ಗಡಿಯಾರ. ಮೊದಲ ಭಾಗದಲ್ಲಿ 691 ಬಾರ್‌ಗಳಿವೆ. ಶುರುವಿನ ಸುಮಾರು 150 ಬಾರ್‌ಗಳನ್ನು ಎರಡು ಸಲ ನುಡಿಸಬೇಕೆಂಬ ಗುರುತಿರುವುದರಿಂದ ಒಟ್ಟು 14 ನಿಮಿಷ. ಬಹುತೇಕ ವಾದ್ಯವೃಂದಗಳು ಇದಕ್ಕಿಂತ ನಿಧಾನವಾಗಿ ನುಡಿಸುತ್ತವೆ. ಹಳೆಯ ಧ್ವನಿಮುದ್ರಣಗಳಲ್ಲಿ ಕೆಲವು ಆ ಪುನರಾವರ್ತನೆಯನ್ನೇ ಬಿಟ್ಟಿವೆ. ನಿಮ್ಮ ಬಳಿ ಇರುವುದು ಯಾವುದು ಎಂದು ತಿಳಿಯಲು ಮೂರು ನಿಮಿಷದ ಆಸುಪಾಸಿನಲ್ಲಿ ಗಮನವಿಡಿ. ಆ ಎರಡು ಪೆಟ್ಟುಗಳಿಲ್ಲದೆ ಚೆಲ್ಲೋದ ಸ ಗ ಸ ಪ ಮೊದಲಿನಂತೆಯೇ ಮರಳಿದರೆ ಪುನರಾವರ್ತನೆ ಇದೆ. ಕೆಳಗೆ ಹೇಳುವ ಜಾಗಗಳು ಪುನರಾವರ್ತನೆ ಇರುವ ಮುದ್ರಣಕ್ಕೆ ಹೊಂದುತ್ತವೆ; ಅಲ್ಲಿ ಬಾರ್ ಸಂಖ್ಯೆಗೆ ಆ 150 ಸೆಕೆಂಡನ್ನು ಕೂಡಿಸಿಕೊಳ್ಳಿ.

ಇನ್ನು, ನಮ್ಮ ಕಿವಿ ಮೋಸಹೋಗುವ ಒಂದು ಕಡೆಯಿದೆ. ನಮ್ಮಲ್ಲಿ ತಂಬೂರಿ ಹಿಡಿದ ಷಡ್ಜ ಕಚೇರಿ ಮುಗಿಯುವವರೆಗೆ ಕದಲುವುದಿಲ್ಲ. ಈ ಸಂಗೀತದಲ್ಲಿ ಷಡ್ಜವೇ ಜಾಗ ಬದಲಿಸುತ್ತದೆ. ಗ್ರಹಭೇದವನ್ನು (ರಾಗದ ಬೇರೊಂದು ಸ್ವರವನ್ನೇ ಷಡ್ಜವೆಂದು ಹಿಡಿದು ಹಾಡುವುದು) ಕೇಳಿದ ಅನುಭವವಿದ್ದರೆ ಹತ್ತಿರದ ಕಲ್ಪನೆ ಸಿಗುತ್ತದೆ, ಆದರೆ ಗ್ರಹಭೇದ ಕ್ಷಣಕಾಲದ ಚಮತ್ಕಾರ; ಇಲ್ಲಿ ಅದೇ ಕಟ್ಟಡದ ತೊಲೆ. ಮೊದಲು ಷಡ್ಜ ಪಂಚಮಕ್ಕೆ ಹೋಗುತ್ತದೆ, ನಡುವೆ ಊರೂರು ಅಲೆಯುತ್ತದೆ, ಕೊನೆಗೆ ಮನೆಗೆ ಬರುತ್ತದೆ. ಬೀಥೋವನ್‌ಗಿಂತ ಹಿಂದಿನ ಹೇಡನ್ ಮತ್ತು ಮೊಟ್ಸಾರ್ಟ್ ಈ ವಿನ್ಯಾಸವನ್ನು ಪಳಗಿಸಿದ್ದರು. ಮಾತು ಮಂಡಿಸು, ಅದನ್ನು ಎಲ್ಲ ಕಡೆಯಿಂದ ಪರೀಕ್ಷಿಸು, ತೀರ್ಮಾನಕ್ಕೆ ಬಾ ಎಂಬ ಈ ನಡಿಗೆ ಜ್ಞಾನೋದಯದ ವಿಚಾರಶೀಲತೆಗೆ ಒಪ್ಪುವಂಥದ್ದು. ಬೀಥೋವನ್ ಇದನ್ನು ಒಡೆಯಲಿಲ್ಲ, ಈ ಮಾತನ್ನು ಒತ್ತಿ ಹೇಳಬೇಕು. ಅವನು ಮಾಡಿದ್ದು ಅದನ್ನು ಹಿಗ್ಗಿಸಿದ್ದು. ಹಿಂದಿನವರಲ್ಲಿ ನಡುವಿನ ಅಲೆದಾಟ ಸಾಮಾನ್ಯವಾಗಿ ಮೊದಲ ಮಂಡನೆಗಿಂತ ಚಿಕ್ಕದಿರುತ್ತಿತ್ತು. ಇಲ್ಲಿ ಮಂಡನೆ 150 ಬಾರ್, ಅಲೆದಾಟ ಸುಮಾರು 245. ಕೊನೆಯ ಕಟ್ಟು, ಅಂದರೆ ಕೋಡಾ, ಸುಮಾರು 135 ಬಾರ್.

ಅಲೆದಾಟದ ನಡುವೆ, ಹೆಚ್ಚುಕಡಿಮೆ ಈ ಭಾಗದ ಅರ್ಧಕ್ಕೆ ಬಂದಾಗ, ಮೂರರ ಎಣಿಕೆಯೊಳಗೆ ಎರಡೆರಡರ ಪೆಟ್ಟುಗಳು ಬೀಳತೊಡಗುತ್ತವೆ. ಕೈಯಲ್ಲಿ ತಾಳ ಹಾಕುತ್ತಿದ್ದರೆ ತಪ್ಪಿಹೋಗುತ್ತದೆ, ತಪ್ಪಲಿ. 276ನೇ ಬಾರ್‌ಗೆ ಅದು ತುದಿ ಮುಟ್ಟುತ್ತದೆ. ಅರ್ಧ ಸ್ವರದ ಅಂತರದಲ್ಲಿರುವ ಎರಡು ಸ್ವರಗಳನ್ನು ಒಟ್ಟಿಗೆ ಹಿಡಿದು ವಾದ್ಯವೃಂದ ಮತ್ತೆ ಮತ್ತೆ ಅಪ್ಪಳಿಸುತ್ತದೆ. ನೀವು ‘ದೊಡ್ಡ ಸದ್ದು’ ಎಂದದ್ದು ಇದನ್ನೇ ಇರಬೇಕು, ಮತ್ತು ಅದು ಸದ್ದಾಗಿಯೇ ಕೇಳಬೇಕಾದದ್ದು: ವಾದ ಇಲ್ಲಿ ಗೋಡೆಗೆ ಬಡಿದಿದೆ. ಕೂಡಲೇ ಎಲ್ಲ ಕುಸಿದು, ಇದುವರೆಗೆ ಕೇಳಿರದ ಒಂದು ಕೊರಗಿನ ರಾಗ (ಇಲ್ಲಿ ರಾಗ ಅಂದರೆ ಬರೀ ಧಾಟಿ) ಓಬೋದಲ್ಲಿ, ಶಹನಾಯಿಯ ಬಳಗದ ವಾದ್ಯದಲ್ಲಿ, ಹುಟ್ಟುತ್ತದೆ. ಅದು ಇ ಮೈನರ್‌ನಲ್ಲಿದೆ. ಅಂದರೆ ಷಡ್ಜ ಶುದ್ಧ ರಿಷಭಕ್ಕೆ ಸರಿದಿದೆ. ಕೀಬೋರ್ಡಿನ ಮೇಲೆ ಪಕ್ಕದ ಮನೆ, ನಾದದ ನಂಟಿನಲ್ಲಿ ತೀರಾ ದೂರದ ಊರು. ಪರೀಕ್ಷೆಯ ಹಂತದಲ್ಲಿ ಹೊಸ ರಾಗ ತರುವುದು ರೂಢಿಯ ಮಾತಾಗಿರಲಿಲ್ಲ.

ಆಮೇಲೆ ಮನೆಗೆ ಮರಳುವ ಹೊತ್ತು. ವಯೊಲಿನ್‌ಗಳು ಪಂಚಮ-ಮಧ್ಯಮಗಳ ಮೇಲೆ ಮೆಲ್ಲಗೆ ನಡುಗುತ್ತಿವೆ, ಷಡ್ಜ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಒಂದು ಹಾರ್ನ್ (ಹಿತ್ತಾಳೆಯ ಊದುವಾದ್ಯ) ತಡೆಯಲಾರದೆ ಸ ಗ ಸ ಪ ಎಂದು ಊದಿಬಿಡುತ್ತದೆ. 394ನೇ ಬಾರ್, ಭಾಗದ ಮೂರರಲ್ಲಿ ಎರಡು ಪಾಲು ಕಳೆಯುತ್ತ ಬಂದಾಗ. ಮೊದಲ ತಾಲೀಮಿನಲ್ಲಿ ಶಿಷ್ಯ ಫರ್ಡಿನಾಂಡ್ ರೀಸ್ ಬೀಥೋವನ್‌ನ ಪಕ್ಕದಲ್ಲಿದ್ದ. ಹಾರ್ನ್‌ನವನು ಎಣಿಕೆ ತಪ್ಪಿದ ಎಂದುಕೊಂಡು ಬೈದ. ಗುರುವಿನಿಂದ ಕಪಾಳಕ್ಕೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು ಎಂದು ಅವನೇ ಬರೆದಿದ್ದಾನೆ. ಎಣಿಕೆ ತಪ್ಪಿರಲಿಲ್ಲ, ಬರೆದದ್ದೇ ಹಾಗೆ.

ನಾಲ್ಕು ಸೆಕೆಂಡಿಗೆ ವಾದ್ಯವೃಂದವೆಲ್ಲ ಮನೆಗೆ ಬಂದು, ಚೆಲ್ಲೋ ಮತ್ತೆ ಸ ಗ ಸ ಪ ಹಿಡಿಯುತ್ತದೆ. ಮತ್ತೆ ಆ ಕೈಶಿಕಿ ನಿಷಾದ. ಈಗ ಉಸಿರು ಬಿಗಿಹಿಡಿದು ಕೇಳಿ. ಈ ಸಲ ಅದು ಕಾಕಲಿಗೆ ಏರುವುದಿಲ್ಲ. ಧೈವತಕ್ಕೆ ಇಳಿಯುತ್ತದೆ, ಅಲ್ಲಿಂದ ಷಡ್ಜವೇ ಚತುಶ್ರುತಿ ರಿಷಭಕ್ಕೆ ಸರಿದು, ಹಾರ್ನ್ ಒಂಟಿಯಾಗಿ ನಿರುಮ್ಮಳವಾಗಿ ಅದೇ ರಾಗ ಹಾಡುತ್ತದೆ. ಏಳನೇ ಸೆಕೆಂಡಿನಲ್ಲಿ ಇಣುಕಿದ ಅನ್ಯಸ್ವರ ಎಲ್ಲಿಗೆ ಹೋಗಲು ಬಂದಿತ್ತು ಎಂಬುದು ಈಗ ತಿಳಿಯುತ್ತದೆ. ನೀವು ಕೇಳಿದ ಬದಲಾವಣೆ ಇದು. ಕೇಳುಗನ ನೆನಪನ್ನು ನಂಬಿ, ಒಂದು ಸ್ವರದ ಋಣವನ್ನು ಇಷ್ಟು ದೂರ ಹೊತ್ತು ತಂದು ತೀರಿಸುವ ಸಂಗೀತ. ವಿರಾಮಕ್ಕೆ, ಊಟದ ಜೊತೆಗೆ, ಮಾತಿನ ನಡುವೆ ಇದನ್ನು ಕೇಳಲಾಗದು.

ಬೀಥೋವನ್‌ಗೆ ಇದು ಚೆನ್ನಾಗಿ ಗೊತ್ತಿತ್ತು. 1806ರಲ್ಲಿ ಅಚ್ಚಾದ ಮೊದಲ ಆವೃತ್ತಿಯಲ್ಲೇ ಸೂಚನೆಯಿದೆ: ಈ ಸಿಂಫನಿ ವಾಡಿಕೆಗಿಂತ ಉದ್ದವಾಗಿರುವುದರಿಂದ ಕಚೇರಿಯ ಕೊನೆಗಲ್ಲ, ಆರಂಭದ ಹತ್ತಿರವೇ ನುಡಿಸಬೇಕು, ದಣಿದ ಕೇಳುಗರಿಗೆ ಅದರ ಪರಿಣಾಮ ತಟ್ಟುವುದಿಲ್ಲ. ಮನೆಯಲ್ಲಿ ಕೇಳುವವರಿಗೂ ಇದೇ ಸಲಹೆ. ನಾಲ್ಕು ಭಾಗಗಳ ಸುಮಾರು 50 ನಿಮಿಷವನ್ನು ಒಂದೇ ಸಲಕ್ಕೆ ಕೇಳಲು ಹೋಗಿ, ಮೂರನೇ ಭಾಗಕ್ಕೆ ಬರುವಷ್ಟರಲ್ಲಿ ಮನಸ್ಸು ಬೇರೆಡೆ ಹೋಗಿರುವುದು ತೀರಾ ಸಾಮಾನ್ಯ. ಮೊದಲ ಭಾಗವೊಂದನ್ನೇ ಮೂರು ದಿನ ಕೇಳಿ. ಇಯರ್‌ಫೋನ್ ಇರಲಿ. ಮೊಬೈಲಿನ ಸ್ಪೀಕರಿನಲ್ಲಿ ಚೆಲ್ಲೋದ ತಗ್ಗುಸ್ವರ ತೆಳುವಾಗಿ, ಇಡೀ ಕಥೆ ಹೊತ್ತ ಆ ನಿಷಾದವೇ ಕಾಣೆಯಾಗುತ್ತದೆ.

‘ರೊಮ್ಯಾಂಟಿಕ್’ ಎಂಬ ಮಾತಿನಲ್ಲೂ ಒಂದು ತೊಡಕಿದೆ. ನವೋದಯದ ದಾರಿಯಲ್ಲಿ ಬಂದ ನಮಗೆ ರಮ್ಯತೆ ಅಂದರೆ ವರ್ಡ್ಸ್‌ವರ್ತ್, ಶೆಲ್ಲಿ, ನಿಸರ್ಗ, ಕವಿಯ ಅಂತರಂಗ. ಸಂಗೀತದಲ್ಲಿ ಆ ಪದ ಬಂದದ್ದು ಬೇರೆ ಕಡೆಯಿಂದ. 1790ರಲ್ಲಿ ಜರ್ಮನ್ ತತ್ತ್ವಜ್ಞಾನಿ ಕಾಂಟ್, ಮನಸ್ಸನ್ನು ಬೆಳೆಸುವ ಲೆಕ್ಕದಲ್ಲಿ ಸಂಗೀತಕ್ಕೆ ಲಲಿತಕಲೆಗಳಲ್ಲಿ ಕೊನೆಯ ಸ್ಥಾನ ಕೊಟ್ಟಿದ್ದ. ಅದು ಬರೀ ಸಂವೇದನೆಗಳ ಆಟ ಎಂಬುದು ಅವನ ಕಾರಣ. ಇಪ್ಪತ್ತೇ ವರ್ಷದಲ್ಲಿ, 1810ರಲ್ಲಿ, ಬೀಥೋವನ್‌ನ ಐದನೇ ಸಿಂಫನಿಯನ್ನು ವಿಮರ್ಶಿಸುತ್ತ ಜರ್ಮನ್ ಲೇಖಕ ಇ.ಟಿ.ಎ. ಹಾಫ್‌ಮನ್ ಇದನ್ನು ತಲೆಕೆಳಗು ಮಾಡಿದ. ಮಾತಿನ ಹಂಗಿಲ್ಲದ ವಾದ್ಯಸಂಗೀತವೇ ಎಲ್ಲ ಕಲೆಗಳಲ್ಲಿ ಅತ್ಯಂತ ರೊಮ್ಯಾಂಟಿಕ್, ಅದು ಅನಂತದ ಹಂಬಲವನ್ನು ಎಬ್ಬಿಸುತ್ತದೆ ಎಂದ. ಗಮನಿಸಿ, ಅವನ ಪಟ್ಟಿಯಲ್ಲಿ ಹೇಡನ್ ಮತ್ತು ಮೊಟ್ಸಾರ್ಟ್ ಕೂಡ ರೊಮ್ಯಾಂಟಿಕರೇ. ಈ ಮೂವರನ್ನು ‘ವಿಯೆನ್ನಾ ಕ್ಲಾಸಿಕಲ್’ ಎಂದು ಒಂದು ಕೋಣೆಯಲ್ಲಿಟ್ಟದ್ದು ಆಮೇಲಿನವರು. ಹಾಗಾಗಿ ಎರೋಯಿಕಾದಲ್ಲಿ ಒಂದು ಯುಗ ಮುಗಿದು ಇನ್ನೊಂದು ಶುರುವಾಗುವ ಗಡಿಕಲ್ಲನ್ನು ಹುಡುಕಬೇಡಿ. ತರ್ಕದ ಕಟ್ಟಡವನ್ನೇ, ಒಂದು ನೋಟಕ್ಕೆ ಹಿಡಿಯಲಾಗದಷ್ಟು ದೊಡ್ಡದಾಗಿ ಕಟ್ಟಿದಾಗ ಹುಟ್ಟುವ ಭವ್ಯತೆ ಅಲ್ಲಿದೆ.

ನೆಪೋಲಿಯನ್‌ನ ಕಥೆಯನ್ನು ನೀವೂ ಕೇಳಿರುತ್ತೀರಿ. ಈ ಸಿಂಫನಿಗೆ ಮೊದಲು ಇಟ್ಟಿದ್ದದ್ದು ಅವನ ಮನೆತನದ ಹೆಸರಾದ ಬೊನಪಾರ್ಟ್. ನೆಪೋಲಿಯನ್ ಚಕ್ರವರ್ತಿಯಾದ ಸುದ್ದಿ ತಿಳಿದು ಬೀಥೋವನ್ ಶೀರ್ಷಿಕೆಯ ಹಾಳೆ ಹರಿದ ಎಂದು ಹೇಳಿದವನೂ ರೀಸ್, ಅದು ಅಚ್ಚಾದದ್ದು 1838ರಲ್ಲಿ. ಅವನು ಹೇಳುವ ಹಸ್ತಪ್ರತಿ ಈಗಿಲ್ಲ. ವಿಯೆನ್ನಾದಲ್ಲಿ ಉಳಿದಿರುವುದು ಲಿಪಿಕಾರನ ಪ್ರತಿ. ಅದರ ಮೇಲಿದ್ದ ಬೊನಪಾರ್ಟ್ ಹೆಸರನ್ನು ಕಾಗದ ತೂತಾಗುವಷ್ಟು ಜೋರಾಗಿ ಕೆರೆದು ಅಳಿಸಲಾಗಿದೆ. ಅದೇ ಪುಟದಲ್ಲಿ ‘ಬೊನಪಾರ್ಟ್ ಕುರಿತು ಬರೆದದ್ದು’ ಎಂಬ ಪೆನ್ಸಿಲ್ ಬರಹವೂ ಇದೆ. ಚಕ್ರವರ್ತಿಯ ಘೋಷಣೆ ಆದದ್ದು 1804ರ ಮೇನಲ್ಲಿ. ಆಗಸ್ಟ್‌ನಲ್ಲಿ ಪ್ರಕಾಶಕರಿಗೆ ಬರೆದ ಪತ್ರದಲ್ಲಿ ಬೀಥೋವನ್ ಸಿಂಫನಿಯ ನಿಜವಾದ ಹೆಸರು ಬೊನಪಾರ್ಟ್ ಎಂದೇ ಹೇಳುತ್ತಾನೆ. ಸಿಟ್ಟು ನಿಜ, ಆದರೆ ಒಂದೇ ಕ್ಷಣದಲ್ಲಿ ಸಂಬಂಧ ಕಡಿದುಹೋಗಲಿಲ್ಲ.

ಈ ಕಥೆಯನ್ನೇ ಹಿಡಿದು ಕೇಳಿದರೆ ದಾರಿ ತಪ್ಪುತ್ತದೆ. ಎರಡನೇ ಭಾಗ ಶವಯಾತ್ರೆಯ ನಡೆ. ವೀರ ಅಲ್ಲೇ ತೀರಿಕೊಂಡರೆ ಮೂರು ಮತ್ತು ನಾಲ್ಕನೇ ಭಾಗದಲ್ಲಿ ಇರುವವರು ಯಾರು? ಶವಯಾತ್ರೆಯಲ್ಲಿ ಮೊದಲು ಕೇಳಬೇಕಾದದ್ದು ಡಬಲ್ ಬಾಸ್‌ಗಳ ಗುಡುಗಿನಂಥ ಚುಟುಕು ಉರುಳು. ಡೋಲಿನ ಸದ್ದನ್ನು ತಂತಿವಾದ್ಯ ಅನುಕರಿಸುತ್ತಿದೆ. ಕೊನೆಯ ಹತ್ತು ಬಾರ್‌ಗಳಲ್ಲಿ ರಾಗ ತುಂಡುತುಂಡಾಗುತ್ತದೆ, ನಡುನಡುವೆ ಮೌನ, ಬಿಕ್ಕುವವರ ಮಾತಿನ ಹಾಗೆ. ಮುದ್ರಣದಲ್ಲಿ ಏನೋ ಕೆಟ್ಟಿದೆ ಎಂದು ಮುಂದಕ್ಕೆ ಒತ್ತಬೇಡಿ. ಮೂರನೆಯದು ಪಿಸುಮಾತಿನಲ್ಲಿ ಓಡುವ ಸ್ಕೆರ್ಟ್ಸೊ, ಅಂದರೆ ಚುರುಕಾದ ಲಘು ನಡೆ; ಪೂರ್ತಿ ವಾದ್ಯವೃಂದ ಜೋರಾಗಿ ಸಿಡಿಯುವುದು 93ನೇ ಬಾರ್‌ಗೆ. ಆರಂಭ ಕೇಳುತ್ತಿಲ್ಲವೆಂದು ಧ್ವನಿ ಹೆಚ್ಚಿಸಿಟ್ಟರೆ ಅಲ್ಲಿ ಬೆಚ್ಚಿಬೀಳುತ್ತೀರಿ. ನಡುವೆ ಮೂರು ಹಾರ್ನ್‌ಗಳ ಮೇಳವಿದೆ. ಎರಡು ಹಾರ್ನ್ ಇರುವುದು ವಾಡಿಕೆ; ಬೀಥೋವನ್ ಇಲ್ಲಿ ಮೂರನೆಯದನ್ನು ಸೇರಿಸಿದ.

ಯಾವ ಮುದ್ರಣ ಕೇಳಬೇಕು? ಹಳೆಯ ಕಾಲದ ವಾದ್ಯಗಳ ಚುರುಕು ನಡೆಗೆ ವಾದ್ಯವೃಂದ ನಿರ್ದೇಶಕ ಜಾನ್ ಎಲಿಯಟ್ ಗಾರ್ಡಿನರ್, ನಿಧಾನದ ಗಾಂಭೀರ್ಯಕ್ಕೆ ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ಆಟೊ ಕ್ಲೆಂಪರರ್. ಆ ಲಂಡನ್ ವಾದ್ಯವೃಂದದ ಕಚೇರಿ ಸಂಸ್ಥೆಯ ಮೊದಲ ಅಧ್ಯಕ್ಷರಾಗಿದ್ದವರು ಮೈಸೂರಿನ ಜಯಚಾಮರಾಜ ಒಡೆಯರ್. ಹೊಸಬರಿಗೆ ನಮ್ಮ ಆಯ್ಕೆ ಗಾರ್ಡಿನರ್: ನಡೆ ಚುರುಕಾದಷ್ಟೂ ಮೊದಲ ನಿಷಾದದ ನೆನಪು ಮಾಸುವ ಮೊದಲೇ ಉತ್ತರ ಸಿಗುತ್ತದೆ.

ನಾಲ್ಕನೇ ಭಾಗಕ್ಕೆ ಬಂದಾಗ ರಾಗವನ್ನು ಹುಡುಕಬೇಡಿ, ಅದು ಶುರುವಿನಲ್ಲಿ ಇಲ್ಲವೇ ಇಲ್ಲ. ತಂತಿಗಳನ್ನು ಬೆರಳಿನಿಂದ ಮೀಟಿ ನುಡಿಸುವುದು ರಾಗದ ಅಡಿಪಾಯವನ್ನಷ್ಟೇ. ಅದರ ಮೇಲೆ ಒಂದೊಂದೇ ಪದರ ಕೂಡುತ್ತ ಹೋಗಿ, ಆಮೇಲೆ ಓಬೋದಲ್ಲಿ ನಿಜವಾದ ರಾಗ ನಗುತ್ತ ಬರುತ್ತದೆ. ಅದೊಂದು ಕುಣಿತದ ಧಾಟಿ. 1801ರ ‘ಪ್ರೊಮೆಥಿಯಸ್‌ನ ಜೀವಿಗಳು’ ಬ್ಯಾಲೆಯ ಕೊನೆಯ ದೃಶ್ಯಕ್ಕೆ ಬೀಥೋವನ್ ಬರೆದಿದ್ದ ರಾಗ ಅದೇ. ಆ ಬ್ಯಾಲೆಯಲ್ಲಿ ಪ್ರೊಮೆಥಿಯಸ್ ಎರಡು ಬೊಂಬೆಗಳಿಗೆ ಜೀವ ಕೊಟ್ಟು, ಕಲೆ ಮತ್ತು ವಿದ್ಯೆಯಿಂದ ಅವನ್ನು ಮನುಷ್ಯರನ್ನಾಗಿ ಮಾಡುತ್ತಾನೆ. ಶವಯಾತ್ರೆಯ ಆಚೆ ಇರುವವರು ಯಾರು ಎಂಬ ಪ್ರಶ್ನೆಗೆ ದಂಡನಾಯಕನಿಗಿಂತ ಈ ಬೊಂಬೆಗಳೇ ಒಪ್ಪುವ ಉತ್ತರ ಎಂದು ನಾವು ನಂಬುತ್ತೇವೆ. ಬರೀ ಮೀಟಿನ ಅಡಿಪಾಯ ಮೊದಲು, ಮೈತುಂಬಿದ ರಾಗ ಆಮೇಲೆ: ಬೊಂಬೆ ಮನುಷ್ಯನಾಗುವುದನ್ನು ನೀವು ಅಲ್ಲಿ ಕಿವಿಯಾರೆ ಕೇಳಬಹುದು.